ಸೈಕಲ್ ಸಲಹೆ: ಮಂಡಿ ನೋವು, ನಂದಿ ಏರು, ನೆಗ್ಗಿಲು ಮುಳ್ಳು

ಈ ಸಲದ ಪ್ರಶ್ನೆಗಳಲ್ಲಿ ಹೆಚ್ಚಿನವು ಚಿಕ್ಕಬಳ್ಳಾಪುರ ಜಿಲ್ಲೆಯಿಂದ ಬಂದಿವೆ. ಕೋಲಾರ, ತುಮಕೂರಿನ ಓದುಗರೂ ಬರೆದಿದ್ದಾರೆ. ಎಲ್ಲವೂ ರೋಡ್ ಬೈಕಿಗೆ, ಅಂದರೆ ಬಾಗಿದ ಹ್ಯಾಂಡಲ್ಲಿನ ರಸ್ತೆ ಸೈಕಲ್ಲಿಗೆ ಸಂಬಂಧಿಸಿದವು.

ಚಿಂತಾಮಣಿಯಿಂದ ಕೈವಾರದ ಕಡೆಗೆ ವಾರಕ್ಕೆ ಮೂರು ದಿನ ಸೈಕಲ್ ಹೊಡೆಯುತ್ತೇನೆ. ನಲವತ್ತು ಕಿ.ಮೀ. ದಾಟಿದರೆ ಎರಡೂ ಮಂಡಿಗಳ ಮುಂಭಾಗ, ಚಿಪ್ಪಿನ ಸುತ್ತ ನೋವು ಶುರು. ನಿಲ್ಲಿಸಿದಾಗ ಕಾಲು ನೆಲಕ್ಕೆ ಸಿಗಲೆಂದು ಸೀಟು ತಗ್ಗಿಸಿಕೊಂಡಿದ್ದೇನೆ. ಮಂಡಿಗೆ ಬ್ಯಾಂಡ್ ಹಾಕಿದರೆ ಸರಿಹೋದೀತೆ?

ಬ್ಯಾಂಡ್ ಬೇಡ. ನೋವಿನ ಕಾರಣ ನಿಮ್ಮ ಪ್ರಶ್ನೆಯಲ್ಲೇ ಇದೆ. ಸೀಟು ತಗ್ಗಿದಷ್ಟೂ ಪೆಡಲ್ ಮೇಲಿರುವಾಗ ಮಂಡಿ ಹೆಚ್ಚು ಮಡಿಯುತ್ತದೆ. ಆ ಮಡಿಕೆಯಲ್ಲೇ ಜೋರಾಗಿ ತುಳಿದಾಗ ಚಿಪ್ಪು ತೊಡೆಮೂಳೆಗೆ ಒತ್ತುತ್ತದೆ. ಗಂಟೆಗೆ ಐದು ಸಾವಿರ ಸುತ್ತು ತುಳಿಯುವ ಕಾಲಿಗೆ ಇದು ಸಣ್ಣ ಮಾತಲ್ಲ. ರೋಡ್ ಬೈಕಿನಲ್ಲಿ ಸೀಟಿನ ಮೇಲೆ ಕೂತೇ ಕಾಲು ಊರುವ ಅಭ್ಯಾಸ ಬಿಡಿ. ನಿಲ್ಲಿಸುವಾಗ ಒಂದು ಪೆಡಲ್ ಕೆಳಗೆ ತಂದು, ಸೀಟಿನಿಂದ ಮುಂದಕ್ಕೆ ಇಳಿದು, ಇನ್ನೊಂದು ಕಾಲು ಊರಬೇಕು.

ಎತ್ತರ ಹೀಗೆ ಹಿಡಿಯಿರಿ. ಬರಿಗಾಲಲ್ಲಿ ಗೋಡೆಗೆ ಬೆನ್ನು ಕೊಟ್ಟು, ಪಾದಗಳ ನಡುವೆ ಒಂದು ಗೇಣು ಬಿಟ್ಟು ನಿಲ್ಲಿ. ದಪ್ಪ ರಟ್ಟಿನ ಪುಸ್ತಕವನ್ನು ಕಾಲುಗಳ ನಡುವೆ ಸೀಟಿನ ಹಾಗೆ ಗಟ್ಟಿಯಾಗಿ ಮೇಲಕ್ಕೊತ್ತಿ, ಅದರ ಮೇಲಂಚಿನಿಂದ ನೆಲದವರೆಗೆ ಇನ್ನೊಬ್ಬರಿಂದ ಅಳೆಸಿ. ಆ ಅಳತೆಯನ್ನು 0.883ರಿಂದ ಗುಣಿಸಿದರೆ ಬಾಟಮ್ ಬ್ರಾಕೆಟ್ (ಪೆಡಲ್ ತೋಳುಗಳು ತಿರುಗುವ ಅಚ್ಚು) ನಡುವಿನಿಂದ ಸೀಟಿನ ಮೇಲ್ಮೈವರೆಗಿನ ದೂರ ಸಿಗುತ್ತದೆ. ಅಳತೆ 82 ಸೆಂ.ಮೀ. ಬಂದರೆ ಸೀಟಿನ ಎತ್ತರ 72.4. ಕ್ರ್ಯಾಂಕಿನ (ಪೆಡಲ್ ತೋಳಿನ) ಉದ್ದ, ಶೂ ಅಟ್ಟೆಯ ದಪ್ಪ ಈ ಲೆಕ್ಕಕ್ಕೆ ಬರುವುದಿಲ್ಲ. ಹಾಗಾಗಿ ಇದು ಆರಂಭದ ಅಂಕಿ ಮಾತ್ರ. ಮುಂದೆ ಗೋಡೆ ಹಿಡಿದು ಸೀಟಿನ ಮೇಲೆ ಕೂತು, ಹಿಮ್ಮಡಿಯನ್ನು ಪೆಡಲ್ ಮೇಲಿಟ್ಟು ಕೆಳಗಿನ ತುದಿಗೆ ತನ್ನಿ. ಸೊಂಟ ವಾಲದೆ ಕಾಲು ನೇರವಾದರೆ ಎತ್ತರ ಹೆಚ್ಚುಕಡಿಮೆ ಸರಿ. ಪಾದವನ್ನು ತುಳಿಯುವ ಜಾಗಕ್ಕೆ ತಂದಾಗ ಮಂಡಿಯಲ್ಲಿ 25ರಿಂದ 35 ಡಿಗ್ರಿ ಬಾಗು ಉಳಿಯಬೇಕು.

ಈಗಿನ ಎತ್ತರ ತೀರಾ ಕಡಿಮೆಯಿದ್ದರೆ ಒಂದೇ ದಿನ ಮೂರು ಸೆಂಟಿಮೀಟರ್ ಏರಿಸಬೇಡಿ, ಮೀನಖಂಡವೂ ತೊಡೆಯ ಹಿಂಭಾಗವೂ ಹಿಡಿದುಕೊಳ್ಳುತ್ತವೆ. ಸಲಕ್ಕೆ 5 ಮಿ.ಮೀ. ಸಾಕು. ಎರಡು ಸವಾರಿ ಮಾಡಿ ನೋಡಿ, ಮತ್ತೆ 5. ಪ್ರತಿ ಸಲವೂ ಅಳತೆಯನ್ನು ಬರೆದಿಡಿ. ಮಂಡಿಯ ಹಿಂಭಾಗ ನೋಯತೊಡಗಿದರೆ, ಅಥವಾ ಹಿಂದಿನಿಂದ ನೋಡುವವರಿಗೆ ನಿಮ್ಮ ಸೊಂಟ ಎಡಬಲಕ್ಕೆ ಓಲಾಡುವುದು ಕಂಡರೆ ಮಿತಿ ಮೀರಿದೆ, 3 ಮಿ.ಮೀ. ಇಳಿಸಿ.

ಎತ್ತರ ಕೂತ ಮೇಲೆ ಹಿಂದುಮುಂದು. ದಾರಕ್ಕೆ ಒಂದು ನಟ್ಟು ಕಟ್ಟಿ, ಪೆಡಲ್‌ಗಳು ನೆಲಕ್ಕೆ ಸಮಾನವಾಗಿರುವಾಗ ಮುಂದಿನ ಮಂಡಿಚಿಪ್ಪಿನ ಕೆಳಗಿನ ಉಬ್ಬಿನಿಂದ ಇಳಿಬಿಡಿ. ಅದು ಪೆಡಲ್ ಅಚ್ಚಿನ ಆಸುಪಾಸು ಬೀಳಬೇಕು. ತುಂಬ ಮುಂದಕ್ಕೆ ಬಿದ್ದರೆ ಸೀಟನ್ನು ಹಿಂದಕ್ಕೆ ಸರಿಸಿ. 10 ಮಿ.ಮೀ. ಹಿಂದೆ ಸರಿದರೆ ಪೆಡಲಿನ ದೂರ ಸುಮಾರು 3 ಮಿ.ಮೀ. ಹೆಚ್ಚುತ್ತದೆ, ಎತ್ತರವನ್ನು ಅಷ್ಟೇ ಇಳಿಸಬೇಕು. ಇದನ್ನು ಮರೆಯುವವರೇ ಹೆಚ್ಚು. ನೋವು ಮಂಡಿಯ ಹೊರಬದಿಯಲ್ಲಿದ್ದರೆ ಶೂವನ್ನು ಪೆಡಲಿಗೆ ಸಿಕ್ಕಿಸುವ ಕ್ಲೀಟಿನ ಕೋನವನ್ನೂ ನೋಡಿ. ಮಂಡಿ ಊದಿದರೆ, ಮೆಟ್ಟಿಲಿಳಿಯುವಾಗ ಸಿಕ್ಕಿಹಾಕಿಕೊಂಡಂತಾದರೆ ಅಲೆನ್ ಕೀ ಬದಿಗಿಟ್ಟು ಮೂಳೆ ವೈದ್ಯರನ್ನು ಕಾಣಿ.

ನನ್ನ ಬೈಕಿಗೆ ಶಿಮಾನೊ 105 ಆರ್7000 ಗೇರ್ ಸೆಟ್, ಹಲ್ಲುಗಳು ಮುಂದೆ 52/36, ಹಿಂದೆ 11-28. ತೂಕ 75 ಕೆ.ಜಿ. ನಂದಿ ಬೆಟ್ಟದ ಮೇಲಿನ ತಿರುವುಗಳಲ್ಲಿ ಕಾಲು ನಿಂತೇಹೋಗುತ್ತದೆ. ಕಾರ್ಬನ್ ಚಕ್ರ ಹಾಕಿಸಿದರೆ ಹಗುರಾಗುತ್ತದೆ ಎನ್ನುತ್ತಾರೆ. — ಚಿಕ್ಕಬಳ್ಳಾಪುರ

ಚಕ್ರದಲ್ಲಿ ಅರ್ಧ ಕೆ.ಜಿ. ಉಳಿಸಿದರೂ ಒಟ್ಟು ಭಾರದಲ್ಲಿ ಶೇಕಡ ಒಂದೂ ಇಳಿಯುವುದಿಲ್ಲ. ನಿಮಗೆ ಬೇಕಿರುವುದು ಹಿಂದಿನ ಗೇರಿನಲ್ಲಿ ಹೆಚ್ಚು ಹಲ್ಲು.

ಲೆಕ್ಕ ನೋಡಿ. ನೀವು, ಬೈಕು, ನೀರು ಸೇರಿ 85 ಕೆ.ಜಿ., ಏರು ಶೇ. 8 ಎಂದಿಟ್ಟುಕೊಳ್ಳಿ. 36-28ರಲ್ಲಿ (ಮುಂದೆ 36, ಹಿಂದೆ 28 ಹಲ್ಲು) ಪೆಡಲ್ ಒಂದು ಸುತ್ತು ಬಂದರೆ ಬೈಕು 2.7 ಮೀಟರ್ ಸಾಗುತ್ತದೆ. ನಿಮಿಷಕ್ಕೆ 60 ಸುತ್ತು ತುಳಿದರೆ ಗಂಟೆಗೆ ಸುಮಾರು 9.7 ಕಿ.ಮೀ. ವೇಗ, ಅದಕ್ಕೆ ಸುಮಾರು 200 ವ್ಯಾಟ್ ಬೇಕು. ಆರಾಮದ 80 ಸುತ್ತಿನಲ್ಲಿ ತುಳಿಯಬೇಕೆಂದರೆ 260 ದಾಟುತ್ತದೆ. ಅಷ್ಟು ಹೊತ್ತು ಅಷ್ಟು ಶಕ್ತಿ ಕೊಡಲಾಗದ ಕಾಲು ಸುತ್ತುಗಳನ್ನು 45ಕ್ಕೆ ಇಳಿಸಿಕೊಳ್ಳುತ್ತದೆ, ಒಂದೊಂದು ತುಳಿತದ ಒತ್ತಡ ಏರುತ್ತದೆ, ತೊಡೆ ಉರಿಯುತ್ತದೆ. ಅದೇ 60 ಸುತ್ತಿಗೆ 36-34ರಲ್ಲಿ ಸುಮಾರು 165 ವ್ಯಾಟ್ ಸಾಕು. ಇದು ತಯಾರಿಯ ಕೊರತೆಯೆಂದು ನಿಮ್ಮನ್ನು ಹಳಿದುಕೊಳ್ಳಬೇಡಿ. ರೇಸಿನವರ ಹಲ್ಲುಗಳನ್ನು ಹವ್ಯಾಸಿಗಳ ಬೈಕಿಗೆ ಕೂರಿಸಿ ಮಾರುವುದರ ಫಲ ಇದು.

ಏನೇನು ಬದಲಾಗಬೇಕು? 11-28ರ ಜೊತೆ ಸಾಮಾನ್ಯವಾಗಿ ಚಿಕ್ಕ ಕೇಜಿನ ಎಸ್‌ಎಸ್ ಡಿರೇಲರ್ (ಚೈನನ್ನು ಒಂದು ಗೇರಿನಿಂದ ಇನ್ನೊಂದಕ್ಕೆ ದಾಟಿಸುವ ಭಾಗ) ಇರುತ್ತದೆ, ಅದರ ಮಿತಿ 30 ಹಲ್ಲು. 34 ಹಾಕಲು ಜಿಎಸ್ ಎಂಬ ಉದ್ದ ಕೇಜಿನದು ಬೇಕು. ಕೇಜಿನ ಹಿಂಬದಿಯಲ್ಲಿ ಮಾದರಿ ಅಚ್ಚಾಗಿರುತ್ತದೆ, ಮೊದಲು ನೋಡಿಕೊಳ್ಳಿ. ಜಿಎಸ್‌ನ ಒಟ್ಟು ಸಾಮರ್ಥ್ಯ 39 ಹಲ್ಲು. ನಿಮ್ಮ 52/36 ಜೊತೆ 11-34 ಹಾಕಿದರೆ ಮುಂದಿನ ವ್ಯತ್ಯಾಸ 16, ಹಿಂದಿನದು 23, ಸೇರಿ ಸರಿಯಾಗಿ 39 ಆಗುತ್ತದೆ. 11 ವೇಗದ 11-34 ಕ್ಯಾಸೆಟ್ಟನ್ನು (ಹಿಂದಿನ ಹಲ್ಲುಚಕ್ರಗಳ ಗೊಂಚಲು) 11 ವೇಗದ ರೋಡ್ ಹಬ್‌ಗೆ ಕೂರಿಸುವಾಗ ಹಿಂದೆ 1.85 ಮಿ.ಮೀ. ಸ್ಪೇಸರ್ ಬಳೆ ಇರಲೇಬೇಕು. ಅದಿಲ್ಲದಿದ್ದರೆ ಲಾಕ್‌ರಿಂಗ್ ಎಷ್ಟು ಬಿಗಿದರೂ ಕ್ಯಾಸೆಟ್ ಅಲುಗಾಡುತ್ತದೆ. ಹಳೆಯ ಚೈನಿನ ಉದ್ದ ಸಾಲದು. ಮುಂದೆಯೂ ಹಿಂದೆಯೂ ದೊಡ್ಡ ಹಲ್ಲುಚಕ್ರಕ್ಕೆ ಹಾಕಿದ ಹೊತ್ತಿನಲ್ಲಿ ಅದು ಬಿಗಿದು, ಡಿರೇಲರ್ ತೂಗುವ ಹ್ಯಾಂಗರ್ ಮುರಿದೀತು. ಹೊಸ ಚೈನನ್ನೇ ಅಳೆದು ಕತ್ತರಿಸಿ.

ಬೆಟ್ಟ ಇಳಿಯುವಾಗ ರಿಮ್ ಬ್ರೇಕ್ ಹಿಡಿದೇ ಬರುತ್ತೇನೆ. ಕೆಳಗೆ ಬಂದಾಗ ರಿಮ್ ಮುಟ್ಟಲಾಗದಷ್ಟು ಬಿಸಿ. ಅಪಾಯವೆ? — ದೊಡ್ಡಬಳ್ಳಾಪುರ

ಹೌದು. ಉದ್ದಕ್ಕೂ ಸವರುತ್ತ ಬಂದರೆ ರಿಮ್ ತಣ್ಣಗಾಗಲು ಸಮಯವೇ ಸಿಗದು. ಒಳಗಿನ ಗಾಳಿ ಬಿಸಿಯಾಗಿ ಒತ್ತಡ ಏರಿ ಟ್ಯೂಬು ಸಿಡಿಯಬಹುದು. ಕಾರ್ಬನ್ ರಿಮ್ ಆದರೆ ಅಂಚೇ ಹಾಳಾಗಬಹುದು. ತಿರುವಿಗೆ ಮುಂಚೆ, ಬೈಕು ನೇರವಿರುವಾಗಲೇ, ಎರಡೂ ಬ್ರೇಕನ್ನು ಗಟ್ಟಿಯಾಗಿ ಒತ್ತಿ ವೇಗ ತಗ್ಗಿಸಿ. ತಿರುವಿನೊಳಗೆ ಬಿಡಿ. ಕೈ ಡ್ರಾಪ್ಸ್‌ನಲ್ಲಿ, ಅಂದರೆ ಹ್ಯಾಂಡಲ್ಲಿನ ಕೆಳಕ್ಕೆ ಬಾಗಿದ ಭಾಗದಲ್ಲಿರಲಿ, ಲಿವರ್ ಮೇಲೆ ಬಲ ಹೆಚ್ಚು ಸಿಗುತ್ತದೆ. ಬ್ರೇಕ್ ರಬ್ಬರಿನಲ್ಲಿ ಸಿಕ್ಕಿದ ಕಲ್ಲಿನ ಚೂರುಗಳನ್ನು ಪಿನ್ನಿನಿಂದ ತೆಗೆಯಿರಿ, ರಿಮ್ಮನ್ನು ಕೆರೆಯುವುದು ಅವೇ. ವಾರಾಂತ್ಯದಲ್ಲಿ ಎದುರಿನಿಂದ ಕಾರುಗಳು ತಿರುವು ಕತ್ತರಿಸಿಕೊಂಡು ಬರುತ್ತವೆ, ನಿಮ್ಮ ಎಡಬದಿ ಬಿಡಲೇಬೇಡಿ. ಡಿಸೆಂಬರ್, ಜನವರಿಯ ಮುಂಜಾನೆಗೆ ಜೇಬಿನಲ್ಲಿ ಗಾಳಿ ತಡೆಯುವ ತೆಳು ಜಾಕೆಟ್ ಇರಲಿ. ಮರಗಟ್ಟಿದ ಬೆರಳಿನಿಂದ ಬ್ರೇಕ್ ಹಿಡಿಯಲಾಗದು.

ಬಾಗೇಪಲ್ಲಿ, ಗುಡಿಬಂಡೆ ಕಡೆ ಹೋದರೆ ಪಂಕ್ಚರ್ ತಪ್ಪಿದ್ದಲ್ಲ. 25 ಎಂ.ಎಂ. ಟಯರಿಗೆ 110 ಪಿಎಸ್‌ಐ ಗಾಳಿ ಹಾಕುತ್ತೇನೆ.

ನಿಮ್ಮ ತೂಕ ಬರೆದಿಲ್ಲ. 70 ಕೆ.ಜಿ. ಆಸುಪಾಸಿನವರಿಗೆ 110 ತೀರ ಹೆಚ್ಚು. ಟಯರು ನೆಲದ ಮೇಲೆ ಕುಪ್ಪಳಿಸುತ್ತದೆ, ಕೈಗೂ ಸೊಂಟಕ್ಕೂ ಪೆಟ್ಟು, ವೇಗವೂ ಸಿಗದು. ಫ್ರೇಮಿನಲ್ಲಿ ಎರಡೂ ಬದಿ 4 ಮಿ.ಮೀ. ಜಾಗ ಉಳಿಯುವುದಾದರೆ 28 ಎಂ.ಎಂ. ಟಯರಿಗೆ ಬನ್ನಿ. ಟ್ಯೂಬಿನ ಜೊತೆ ಮುಂದೆ 65-70, ಹಿಂದೆ 70-75 ಪಿಎಸ್‌ಐ. 25ರಲ್ಲೇ ಇರುವುದಾದರೆ 80-90.

ಪಂಕ್ಚರ್ ಆದಾಗ ತೂತು ಎಲ್ಲಿದೆ ಎಂಬುದೇ ಕಾರಣ ಹೇಳುತ್ತದೆ. ಅದಕ್ಕೇ ಟಯರಿನ ಹೆಸರಿನ ಗುರುತು ವಾಲ್ವಿನ ನೇರಕ್ಕೆ ಬರುವಂತೆ ಕೂರಿಸುವುದು. ಟ್ಯೂಬಿನ ತೂತನ್ನು ಟಯರಿನ ಜಾಗಕ್ಕೆ ಹೊಂದಿಸಿ ಹುಡುಕಬಹುದು. ನೆಲದ ಬದಿ ಒಂದೇ ಸಣ್ಣ ತೂತಿದ್ದರೆ ಮುಳ್ಳು. ಅಕ್ಕಪಕ್ಕ ಎರಡು ಸೀಳಿದ್ದರೆ ಗಾಳಿ ಕಡಿಮೆಯಿದ್ದು ಗುಂಡಿಗೆ ಬಡಿದದ್ದು. ರಿಮ್ಮಿನ ಬದಿಗೆ ತೂತಿದ್ದರೆ ರಿಮ್ ಟೇಪು ಸರಿದಿದೆ. ವಾಲ್ವಿನ ಬುಡ ಹರಿದಿದ್ದರೆ ಪಂಪು ಎಳೆದಾಡಿದ್ದು.

ನಿಮ್ಮ ಕಡೆಯ ಶತ್ರುಗಳು ಬಳ್ಳಾರಿ ಜಾಲಿ ಮತ್ತು ನೆಗ್ಗಿಲು. ಎರಡೂ ಟಾರಿನ ಅಂಚಿನ ಮಣ್ಣಿನಲ್ಲೇ ಹೆಚ್ಚು. ಲಾರಿಗೆ ದಾರಿ ಬಿಡಲು ಮಣ್ಣಿಗಿಳಿದರೆ, ರಸ್ತೆಗೆ ಮರಳಿದ ಕೂಡಲೇ ನಿಲ್ಲಿಸಿ ಟಯರು ತಿರುಗಿಸಿ ನೋಡಿ. ಜಾಲಿ ಮುಳ್ಳಿನ ತುದಿ ಟಯರಿನೊಳಗೆ ಮುರಿದು ಉಳಿಯುತ್ತದೆ. ಹೊಸ ಟ್ಯೂಬು ಹಾಕಿದ ಹತ್ತು ನಿಮಿಷಕ್ಕೆ ಮತ್ತೆ ಗಾಳಿ ಹೋಗುವುದು ಅದರಿಂದಲೇ. ಟಯರಿನ ಒಳಭಾಗವನ್ನು ಹತ್ತಿಯ ತುಂಡಿನಿಂದ ಸವರಿ, ಸಿಕ್ಕಿಕೊಂಡಲ್ಲಿ ಮುಳ್ಳಿದೆ. ಟ್ಯೂಬ್‌ಲೆಸ್‌ಗೆ ಹೊಂದುವ ರಿಮ್ ಇದ್ದರೆ ಈ ಸೀಮೆಗೆ ಅದೇ ಮೇಲು. 28ರ ಟಯರಿಗೆ 30-40 ಮಿ.ಲೀ. ಸೀಲೆಂಟ್, ಬೇಸಿಗೆಯಲ್ಲಿ ಎರಡು ತಿಂಗಳಿಗೊಮ್ಮೆ ಬಿಚ್ಚಿ ನೋಡಿ. ಒಣಗಿದ ಸೀಲೆಂಟ್ ಇದ್ದರೂ ಇಲ್ಲದಂತೆ.

ತುಮಕೂರಿನಿಂದ ದೇವರಾಯನದುರ್ಗಕ್ಕೆ ಹೋಗಿಬರುವಷ್ಟರಲ್ಲಿ ಕಿರುಬೆರಳು, ಉಂಗುರಬೆರಳು ಜೋಮು ಹಿಡಿಯುತ್ತವೆ. ಜೆಲ್ ಗ್ಲೌಸ್ ಹಾಕಿದರೂ ಹೋಗಿಲ್ಲ.

ಆ ಎರಡು ಬೆರಳಿಗೆ ಹೋಗುವ ಅಲ್ನಾರ್ ನರ ಅಂಗೈಯ ಹೊರಬದಿಯ ಬುಡದಲ್ಲಿ ಹಾಯುತ್ತದೆ. ಹ್ಯಾಂಡಲ್ ಮೇಲೆ ಬೀಳುವ ಭಾರ ಅದನ್ನು ಅದುಮುತ್ತದೆ. ಗ್ಲೌಸ್ ಬದಲಿಸುವ ಮೊದಲು ಸೀಟಿನ ಮೇಲೆ ಸ್ಪಿರಿಟ್ ಲೆವೆಲ್ ಇಟ್ಟು ನೋಡಿ. ಮೂತಿ ಕೆಳಕ್ಕೆ ವಾಲಿದ್ದರೆ ಮೈ ಸದಾ ಜಾರುತ್ತಿರುತ್ತದೆ, ಕೈ ತಡೆಯುತ್ತಿರುತ್ತದೆ. ಅದನ್ನು ಸಮ ಮಾಡಿ. ಸೀಟು ಅತಿ ಮುಂದಿದ್ದರೂ ಇದೇ ತೊಂದರೆ. ಒಂದು ಪರೀಕ್ಷೆ ಮಾಡಬಹುದು. ಟ್ರೇನರ್ (ಸೈಕಲ್ಲನ್ನು ನಿಂತಲ್ಲೇ ತುಳಿಯಲು ಹಿಡಿದಿಡುವ ಸ್ಟ್ಯಾಂಡು) ಮೇಲೆ ಸಾಧಾರಣ ಬಲದಲ್ಲಿ ತುಳಿಯುತ್ತ ಎರಡೂ ಕೈಗಳನ್ನು ಬ್ರೇಕ್ ಲಿವರಿನ ಹುಡ್‌ನಿಂದ ಒಂದಂಗುಲ ಎತ್ತಿ. ಮೈ ಕೂಡಲೇ ಮುಂದಕ್ಕೆ ಕುಸಿದರೆ ಭಾರವೆಲ್ಲ ಕೈಮೇಲಿದೆ ಎಂದರ್ಥ. ಆಮೇಲೂ ಹ್ಯಾಂಡಲ್ ದೂರ ಎನಿಸಿದರೆ ಅದನ್ನು ಫ್ರೇಮಿಗೆ ಜೋಡಿಸುವ ಸ್ಟೆಮ್ಮನ್ನು 10 ಮಿ.ಮೀ. ಗಿಡ್ಡದಕ್ಕೆ ಬದಲಿಸಿ. ಮಣಿಕಟ್ಟು ನೇರವಿರಲಿ, ಐದು ನಿಮಿಷಕ್ಕೊಮ್ಮೆ ಹಿಡಿತ ಬದಲಿಸಿ. ಇಳಿದು ಒಂದೆರಡು ದಿನವಾದರೂ ಜೋಮು ಉಳಿದರೆ, ಹಿಡಿತದ ಬಲ ಕಡಿಮೆಯಾದರೆ ವೈದ್ಯರಲ್ಲಿಗೆ ಹೋಗುವುದನ್ನು ಮುಂದೂಡಬೇಡಿ.

ಶನಿವಾರ ಕೋಲಾರದಿಂದ ಕೆಜಿಎಫ್ ಕಡೆ ಉದ್ದ ಸವಾರಿ, ಭಾನುವಾರ ಬೆಟ್ಟ. ಎರಡನೇ ದಿನ ಕಾಲಲ್ಲಿ ಜೀವವೇ ಇರುವುದಿಲ್ಲ. ಪ್ರೋಟೀನ್ ಪೌಡರ್, ಐಸ್ ನೀರಿನ ಸ್ನಾನ ಶುರುಮಾಡಬೇಕೆ? ತೂಕ 65 ಕೆ.ಜಿ.

ಮೊದಲ ಅನುಮಾನ ಶನಿವಾರದ ಊಟದ ಮೇಲೆ. ಮೂರು ಗಂಟೆಯ ಸವಾರಿಯನ್ನು ಕಾಫಿ, ಎರಡು ಬಿಸ್ಕತ್ತಿನ ಮೇಲೆ ಮುಗಿಸಿ, ಮನೆಗೆ ಬಂದು ಮಲಗಿ, ಮೂರು ಗಂಟೆಗೆ ಊಟ ಮಾಡುವವರು ನಮ್ಮಲ್ಲಿ ಬಹಳ. ಸ್ನಾಯುವಿನಲ್ಲಿ ಕೂಡಿಟ್ಟ ಗ್ಲೈಕೊಜನ್ (ಸಕ್ಕರೆಯ ದಾಸ್ತಾನು) ಖಾಲಿಯಾಗಿರುತ್ತದೆ, ಮರುದಿನದೊಳಗೆ ಅದು ತುಂಬಬೇಕು. ಸವಾರಿಯಲ್ಲೇ ಗಂಟೆಗೆ 30ರಿಂದ 60 ಗ್ರಾಂ ಕಾರ್ಬೊಹೈಡ್ರೇಟ್ ಹೋಗಲಿ. ದೊಡ್ಡ ಪಚ್ಚಬಾಳೆಯೊಂದು ಸುಮಾರು 25 ಗ್ರಾಂ, ಏಲಕ್ಕಿ ಬಾಳೆಯಾದರೆ ಎರಡು ಬೇಕು. ಒಂದು ಲೀಟರ್ ನೀರಿಗೆ 40-50 ಗ್ರಾಂ ಸಕ್ಕರೆ, ಕಾಲು ಚಮಚ ಉಪ್ಪು, ನಿಂಬೆರಸ ಬೆರೆಸಿದರೆ ಅಂಗಡಿಯ ಪುಡಿಗಿಂತ ಏನೂ ಕಡಿಮೆಯಿಲ್ಲ.

ಮರುದಿನವೂ ತುಳಿಯುವುದಿದ್ದರೆ ಇಳಿದ ಮೇಲಿನ ನಾಲ್ಕು ಗಂಟೆ, ಗಂಟೆಗೆ ಪ್ರತಿ ಕೆ.ಜಿ.ಗೆ ಒಂದು ಗ್ರಾಂನಂತೆ, ಅಂದರೆ ನಿಮಗೆ ಗಂಟೆಗೆ 65 ಗ್ರಾಂ ಕಾರ್ಬೊಹೈಡ್ರೇಟ್ ಬೇಕು. ನೂರು ಗ್ರಾಂ ರಾಗಿ ಹಿಟ್ಟಿನ ಮುದ್ದೆಯಲ್ಲಿ ಸುಮಾರು 70 ಗ್ರಾಂ ಸಿಗುತ್ತದೆ. ಜೊತೆಗೆ ಹುರುಳಿ ಸಾರು ಅಥವಾ ಕಾಳಿನ ಬಸ್ಸಾರು, ಎರಡು ಮೊಟ್ಟೆ, ಒಂದು ಲೋಟ ಹಾಲು ಸೇರಿದರೆ ಬೇಕಾದ 20 ಗ್ರಾಂ ಪ್ರೋಟೀನ್ ದಾಟುತ್ತದೆ. ಪೌಡರಿನ ಅಗತ್ಯ ಕಾಣುವುದಿಲ್ಲ. ಆದರೆ ಮುದ್ದೆ ಸವಾರಿಗೆ ಮುಂಚೆ ಬೇಡ. ನಾರು ಹೆಚ್ಚು, ಅರಗುವುದು ನಿಧಾನ, ಏರಿನಲ್ಲಿ ಹೊಟ್ಟೆ ಭಾರ. ಬೆಳಗ್ಗೆಗೆ ತಟ್ಟೆ ಇಡ್ಲಿ ಚೆನ್ನ.

ನೀರಿನ ಲೆಕ್ಕಕ್ಕೆ ತಕ್ಕಡಿ ಸಾಕು. ಹೊರಡುವ ಮುನ್ನ, ಬಂದ ಮೇಲೆ, ಬೆವರು ಒರೆಸಿ ತೂಗಿ. ಒಂದು ಕೆ.ಜಿ. ಇಳಿದಿದ್ದರೆ ಮುಂದಿನ ಕೆಲವು ಗಂಟೆಗಳಲ್ಲಿ ಒಂದೂಕಾಲು, ಒಂದೂವರೆ ಲೀಟರ್ ನಿಧಾನವಾಗಿ ಕುಡಿಯಿರಿ, ಊಟದ ಉಪ್ಪಿನ ಜೊತೆಗೆ. ತೂಕ ಏರಿದ್ದರೆ ಅತಿಯಾಗಿ ಕುಡಿದಿದ್ದೀರಿ, ಅದೂ ಅಪಾಯ.

ಐಸ್ ಸ್ನಾನ ನೋವಿನ ಅರಿವನ್ನು ತಗ್ಗಿಸುತ್ತದೆ, ಖಾಲಿಯಾದ ಗ್ಲೈಕೊಜನ್ ತುಂಬುವುದಿಲ್ಲ. ನಿದ್ದೆಯನ್ನು ಬಿಟ್ಟು ಐಸ್ ಹುಡುಕುವುದರಲ್ಲಿ ಅರ್ಥವಿಲ್ಲ. ನಾಲ್ಕಕ್ಕೆ ಏಳುವುದಿದ್ದರೆ ಒಂಬತ್ತಕ್ಕೆ ಮಲಗಿ. ಬೆಳಗಿನ ನಾಡಿಮಿಡಿತ ಎಂದಿಗಿಂತ ಏಳೆಂಟು ಹೆಚ್ಚಿದ್ದರೆ ಆ ಭಾನುವಾರ ಬೆಟ್ಟ ಬಿಟ್ಟು ಸಪಾಟು ರಸ್ತೆಯಲ್ಲಿ, ಮಾತಾಡುತ್ತ ಹೋಗಬಹುದಾದ ವೇಗದಲ್ಲಿ ಮುಕ್ಕಾಲು ಗಂಟೆ ತುಳಿದು ಬನ್ನಿ. ಸವಾರಿಗೆ ಮುಂಚೆ ನೋವಿನ ಮಾತ್ರೆ ನುಂಗುವ ಚಾಳಿ ಹಬ್ಬುತ್ತಿದೆ. ದಯವಿಟ್ಟು ಬೇಡ. ಮೈ ಒಣಗಿರುವಾಗ ಐಬುಪ್ರೊಫೇನ್‌ನಂಥ ಮಾತ್ರೆಗಳು ಮೂತ್ರಪಿಂಡಕ್ಕೆ ಪೆಟ್ಟು ಕೊಡುತ್ತವೆ. ಮೂತ್ರ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದರೆ ಅಂದೇ ಆಸ್ಪತ್ರೆಗೆ ಹೋಗಿ.

ಚೈನು ಯಾವಾಗ ಬದಲಿಸಬೇಕು? ಅಳೆಯುವ ಸಾಧನ ಇಲ್ಲ. — ಶಿಡ್ಲಘಟ್ಟ

ಹಾರ್ಡ್‌ವೇರ್ ಅಂಗಡಿಯ ಉಕ್ಕಿನ ಸ್ಕೇಲು ಸಾಕು. ಹೊಸ ಚೈನಿನಲ್ಲಿ ಒಂದು ಪಿನ್ನಿನ ನಡುವಿನಿಂದ 24ನೇ ಪಿನ್ನಿನ ನಡುವಿಗೆ ಸರಿಯಾಗಿ 12 ಇಂಚು, ಶುರುವಿನ ಪಿನ್ನನ್ನು ಸೊನ್ನೆ ಎಂದು ಎಣಿಸಬೇಕು. ಚೈನು ಬಿಗಿಯಾಗಿರಲಿ. ಅಳತೆ 1/16 ಇಂಚು ಮೀರಿದ್ದರೆ ಶೇ. 0.5 ಸವೆದಿದೆ. 11, 12 ವೇಗದ್ದಾದರೆ ಈಗಲೇ ಬದಲಿಸಿ, ತಡಮಾಡಿದರೆ ಕ್ಯಾಸೆಟ್ಟೂ ಹೋಗುತ್ತದೆ. ಕ್ರಷರ್‌ಗಳ ಕಲ್ಲಿನ ಪುಡಿ ಹಾರುವ ರಸ್ತೆಗಳಲ್ಲಿ ಓಡಿಸುವವರು ತಿಂಗಳಿಗೊಮ್ಮೆ ಅಳೆಯಲಿ. ಎಣ್ಣೆ ಬಿಟ್ಟ ಮೇಲೆ ಬಟ್ಟೆಯಿಂದ ಹೊರಮೈ ಪೂರ್ತಿ ಒರೆಸಿ, ಎಣ್ಣೆ ಬೇಕಿರುವುದು ರೋಲರಿನ ಒಳಗೆ.

ಪ್ಯಾಡ್ ಇರುವ ಸೈಕ್ಲಿಂಗ್ ಚಡ್ಡಿಯೊಳಗೆ ಒಳಉಡುಪು ಹಾಕಬೇಕೆ? ಕೇಳಲು ಸಂಕೋಚವಾಗುತ್ತದೆ. — ಮಾಲೂರು

ಹಾಕಬಾರದು. ಒಳಉಡುಪಿನ ಹೊಲಿಗೆ ಚರ್ಮವನ್ನು ಉಜ್ಜುತ್ತದೆ, ಬೆವರನ್ನೂ ಹಿಡಿದಿಡುತ್ತದೆ, ಕುರು ಏಳುವುದು ಹಾಗೆಯೇ. ಪ್ಯಾಡ್ ನೇರವಾಗಿ ಮೈಗೆ ತಾಗಿರಬೇಕು. ಸವಾರಿ ಮುಗಿದ ಹತ್ತು ನಿಮಿಷದೊಳಗೆ ಬಿಚ್ಚಿ, ಪ್ರತಿ ಸಲವೂ ಒಗೆದು, ಪ್ಯಾಡ್ ಹೊರಗೆ ಮಾಡಿ ಒಣಗಿಸಿ. ಫ್ಯಾಬ್ರಿಕ್ ಕಂಡಿಷನರ್ ಬಳಸಬೇಡಿ. ಕುರು ಎದ್ದಿದ್ದರೆ ಹಿಸುಕದೆ, ವಾಸಿಯಾಗುವವರೆಗೆ ಸೀಟಿನಿಂದ ದೂರವಿರಿ.