ಫ್ರೀಬಿಎಸ್‌ಡಿಯಲ್ಲಿ ಮೇಕ್ ಕೈಕೊಟ್ಟರೆ
ಲಿನಕ್ಸ್‌ನಲ್ಲಿ ಸಲೀಸಾಗಿ ಬಿಲ್ಡ್ ಆಗಿದ್ದ ನಿಮ್ಮ ಕೋಡ್, ಫ್ರೀಬಿಎಸ್‌ಡಿಯಲ್ಲಿ (ಲಿನಕ್ಸ್‌ನಂಥದೇ ಇನ್ನೊಂದು ಆಪರೇಟಿಂಗ್ ಸಿಸ್ಟಂ) ಮೇಕ್‌ಫೈಲ್‌ನ ‘ಇಫ್‌ಇಕ್ಯೂ’ ಎಂಬ ಷರತ್ತಿನ ಸಾಲಿಗೇ ನಿಂತುಬಿಡುತ್ತದೆ ಅಂದಿದ್ದೀರಿ. ತಪ್ಪು ಬಹುಶಃ ಕೋಡ್‌ನದ್ದಲ್ಲ, ಮೇಕ್‌ಫೈಲ್ ಓದಿ ಬಿಲ್ಡ್ ಮಾಡುವ ಮೇಕ್ ಪ್ರೋಗ್ರಾಂನದ್ದು. ಲಿನಕ್ಸ್‌ನಲ್ಲಿ ಸಾಮಾನ್ಯವಾಗಿ ಇರೋದು ಗ್ನೂ ಮೇಕ್. ಫ್ರೀಬಿಎಸ್‌ಡಿಯಲ್ಲಿ ಅದೇ ಹೆಸರಿನ ಬೇರೆಯೇ ಪ್ರೋಗ್ರಾಂ ಇದೆ, ಅದಕ್ಕೆ ಇಫ್‌ಇಕ್ಯೂ ಅರ್ಥವಾಗುವುದಿಲ್ಲ.

ರೂಟ್ (ಅಡ್ಮಿನ್) ಆಗಿ ‘ಪಿಕೆಜಿ ಇನ್‌ಸ್ಟಾಲ್ ಜಿಮೇಕ್’ ಕೊಡಿ. ಪಿಕೆಜಿ ಅಂದರೆ ಫ್ರೀಬಿಎಸ್‌ಡಿಯಲ್ಲಿ ಪ್ರೋಗ್ರಾಂ ಹಾಕಿಕೊಳ್ಳುವ ಕಮಾಂಡ್, ಜಿಮೇಕ್ ಅಂದರೆ ಅದೇ ಗ್ನೂ ಮೇಕ್. ಆಮೇಲೆ ಮೇಕ್ ಬದಲು ಜಿಮೇಕ್ ಓಡಿಸಿ. ಮೇಕ್‌ಫೈಲ್ ಒಳಗೇ ಇನ್ನೊಂದು ಕಡೆ ಬರೀ ಮೇಕ್ ಅಂತ ಬರೆದಿದ್ದರೆ (ನನಗೆ ಜಾಸ್ತಿ ತಲೆ ತಿಂದಿದ್ದು ಇದೇ) ಅಲ್ಲಿ ದೊಡ್ಡಕ್ಷರದ ಮೇಕ್ ವೇರಿಯಬಲ್, ಅಂದರೆ $(MAKE), ಹಾಕಿ. ಇಲ್ಲದಿದ್ದರೆ ಮತ್ತೆ ಹಳೆಯದೇ ಓಡುತ್ತದೆ.

ನಿಮ್ಮ ಸ್ಕ್ರಿಪ್ಟ್‌ಗಳನ್ನು ನಾನು ನೋಡಿಲ್ಲ. ಮುಂದೆ ಬ್ಯಾಶ್ (ಸ್ಕ್ರಿಪ್ಟ್ ಓಡಿಸುವ ಶೆಲ್) ಸಿಗಲಿಲ್ಲ ಅಂತ ಬಂದರೆ ಅದನ್ನೂ ಪಿಕೆಜಿಯಿಂದಲೇ ಹಾಕಿಕೊಳ್ಳಿ. ಅದು /usr/local/bin ಫೋಲ್ಡರ್‌ನಲ್ಲಿ ಕೂರುತ್ತದೆ. ಹಾಗಾಗಿ ಸ್ಕ್ರಿಪ್ಟಿನ ಮೊದಲ ಸಾಲಿನಲ್ಲಿ ನೇರ ದಾರಿ ಬರೆಯದೆ ಪ್ರೋಗ್ರಾಂ ಎಲ್ಲಿದೆ ಅಂತ ಹುಡುಕಿ ಓಡಿಸುವ ‘ಎನ್ವ್’ ಕಮಾಂಡ್ ಮೂಲಕ ಬ್ಯಾಶ್ ಕರೆಯಿರಿ.