ಪೋರ್ಷೆ 911: ಗಾಳಿ ಸಾಲದೆ ನೀರು ಬಂತು

ಪ್ರಶ್ನೆ: ಪೋರ್ಷೆ 911 ಕಾರಿನ ಏರ್‌ಕೂಲ್ಡ್ ಎಂಜಿನ್ ಕೈಬಿಟ್ಟಿದ್ದು ಸರಿಯೇ? ರಾಯಚೂರಿನ ಬಿಸಿಲಲ್ಲೂ ನಮ್ಮ ಬೈಕ್‌ಗಳು ಬರೀ ಗಾಳಿಯಲ್ಲೇ ತಣ್ಣಗಾಗುತ್ತವಲ್ಲ?
- ಓದುಗರು, ಸಿಂಧನೂರು

ಉತ್ತರ: ಸರಿಯೇ. 100 ಸಿಸಿ ಬೈಕ್‌ನ ಶಾಖ ಕಡಿಮೆ, ಸಿಲಿಂಡರ್ ಎದುರುಗಾಳಿಗೇ ಇರುತ್ತದೆ. 911ರಲ್ಲಿ ಆರು ಸಿಲಿಂಡರ್, ಅದೂ ಕಾರಿನ ಹಿಂತುದಿಯಲ್ಲಿ. ಅಲ್ಲಿ ದೊಡ್ಡ ಫ್ಯಾನ್ ಗಾಳಿ ತಳ್ಳಬೇಕು. ಉಳಿದ ಶಾಖವನ್ನು ಆಯಿಲ್ ಹೊರಬೇಕು.

ತೊಡಕು ಇದ್ದದ್ದು ಹೆಡ್‌ನಲ್ಲಿ, ಅಂದರೆ ಸಿಲಿಂಡರಿನ ತುದಿ ಮುಚ್ಚುವ, ವಾಲ್ವ್ ಇರುವ ಭಾಗದಲ್ಲಿ. ಸಿಲಿಂಡರಿಗೆ ನಾಲ್ಕು ವಾಲ್ವ್ ಇಟ್ಟರೆ ಉಸಿರಾಟ ಸಲೀಸು, ಹೊಗೆಯೂ ಶುದ್ಧ. ಆದರೆ ಎರಡು ಎಕ್ಸಾಸ್ಟ್ ವಾಲ್ವ್‌ಗಳ ನಡುವಿನ ಕಿರಿದಾದ ಲೋಹ ವಿಪರೀತ ಕಾಯುತ್ತದೆ, ಅಲ್ಲಿಗೆ ಗಾಳಿ ಮುಟ್ಟದು, ನೀರು ಮುಟ್ಟುತ್ತದೆ. ಪೋರ್ಷೆಯದೇ 1986ರ 959 ಕಾರಿನಲ್ಲೇ ಹೆಡ್‌ಗೆ ನೀರು, ಸಿಲಿಂಡರಿಗೆ ಗಾಳಿ ಎಂಬ ಹಂಚಿಕೆ ಇತ್ತು. 911ರ ಕೊನೆಯ ಏರ್‌ಕೂಲ್ಡ್ ತಲೆಮಾರಾದ 993ರ 3.6 ಲೀಟರ್ ಎಂಜಿನ್ ಮೊದಲು ಕೊಟ್ಟದ್ದು 272 ಅಶ್ವಶಕ್ತಿ. 1997ರಲ್ಲಿ ಬಂದ ಮುಂದಿನ ತಲೆಮಾರು 996ರ, ನೀರಿನಿಂದ ತಣ್ಣಗಾಗುವ ಎಂಜಿನ್ ಬರೀ 3.4 ಲೀಟರಿನಲ್ಲಿ 300 ಕೊಟ್ಟಿತು.

ಆ ಎಂಜಿನ್ ನಿರ್ದೋಷಿಯೇನಲ್ಲ. ವಾಲ್ವ್ ತೆರೆಯುವ ಕ್ಯಾಮ್‌ಶಾಫ್ಟ್‌ಗಳಿಗೆ ಓಟ ಕೊಡುವ ನಡುವಿನ ಶಾಫ್ಟ್‌ನ ಬೇರಿಂಗ್ ಸವೆದರೆ ಟೈಮಿಂಗ್ ತಪ್ಪಿ ಪಿಸ್ಟನ್ ವಾಲ್ವಿಗೆ ಬಡಿಯುತ್ತದೆ. ಅದು ಬೇರಿಂಗ್‌ನ ದೋಷ, ನೀರಿನದಲ್ಲ. ಸಿಲಿಂಡರ್‌ಗಳು ಎರಡೂ ಬದಿಗೆ ಎದುರುಬದುರಾಗಿ ಮಲಗಿದ ಬಾಕ್ಸರ್ ವಿನ್ಯಾಸ, ಹಿಂಬದಿಯ ಜಾಗ ಮಾತ್ರ ಎಂದೂ ಬದಲಾಗಬಾರದು: ತೂಕ ನೆಲಕ್ಕೆ ಹತ್ತಿರ, ಹಿಂಚಕ್ರಕ್ಕೆ ಬಿಗಿ ಹಿಡಿತ.

ನಿಮ್ಮ ಬೈಕಿಗೆ: ಭತ್ತದ ಕೊಯ್ಲಿನಲ್ಲಿ ಎಂಜಿನ್ ಸುತ್ತಲಿನ ಲೋಹದ ತೆಳು ಪಟ್ಟಿಗಳಾದ ಫಿನ್‌ಗಳ ಸಂದಿಗೆ ಹೊಟ್ಟು, ಕೆಸರು ತುಂಬಿದರೆ ಶಾಖ ಒಳಗೇ ಉಳಿಯುತ್ತದೆ. ಎಂಜಿನ್ ಪೂರ್ತಿ ಆರಿದ ಮೇಲೆ ಬ್ರಷ್‌ನಿಂದ ತೆಗೆಯಿರಿ. ಕಾದ ಎಂಜಿನ್‌ಗೆ ನೀರು ಸುರಿಯಬೇಡಿ.