ಆ ಮಂಗಳೂರು ಯಾವುದು?

ಮಾನ್ಯರೇ,

ಕಾರ್ಕಳದಿಂದ ತಾವು ಬರೆದ ಪತ್ರ ತಲುಪಿದೆ. ‘ಮಂಗಳೂರಿನ ಹಳೆಯ ಚಿನ್ನದ ಗಣಿಯ ಸುತ್ತಲಿನ ನೀರಿನಲ್ಲಿ ಆರ್ಸೆನಿಕ್’ ಎಂಬ ಸುದ್ದಿಯನ್ನು ಓದಿದ ಮೇಲೆ ಮನೆಯವರು ಬಾವಿಯ ನೀರು ಕುಡಿಯಲು ಅಂಜುತ್ತಿದ್ದಾರೆಂದೂ, ನೀರಿನ ಮೇಲೆ ಕಟ್ಟುವ ಕೆಂಪು ಪೊರೆಗೆ ಕುದುರೆಮುಖದ ಗಣಿಯ ಹೂಳು ಕಾರಣವಿರಬಹುದೇ ಎಂದೂ ಕೇಳಿದ್ದೀರಿ.

ಆ ಸುದ್ದಿಯಲ್ಲಿರುವುದು ನಮ್ಮ ಮಂಗಳೂರಲ್ಲ. ಯಾದಗಿರಿ ಜಿಲ್ಲೆಯ ಸುರಪುರದ ಕಡೆ ಅದೇ ಹೆಸರಿನ ಊರೊಂದಿದೆ. ಇಲ್ಲಿಂದ 400 ಕಿ.ಮೀ.ಗೂ ಹೆಚ್ಚು ದೂರ. ಅಲ್ಲಿನ ಪಾಳುಬಿದ್ದ ಚಿನ್ನದ ಗಣಿಯ ಸಮೀಪದ ಕಿರದಳ್ಳಿ ತಾಂಡಾದ ಜನರಲ್ಲಿ ಅಂಗೈ, ಅಂಗಾಲುಗಳ ಚರ್ಮ ಗಂಟುಗಂಟಾಗಿ ಒರಟಾಗುವ ಕಾಯಿಲೆ ಕಂಡುಬಂದು, ಅದಕ್ಕೆ ಕುಡಿಯುವ ನೀರಿನ ಆರ್ಸೆನಿಕ್ ಕಾರಣವೆಂದು ತಿಳಿಯಿತು. ಹೆಸರಿನ ಗೊಂದಲ ನೀಗಿತೆಂದು ನಾವು ನಿಟ್ಟುಸಿರು ಬಿಡಬಹುದು, ಆದರೆ ಆ ತಾಂಡಾದವರ ಪಾಲಿಗೆ ಅದು ನಿಜವಾದ ಸುದ್ದಿಯೇ ಆಗಿತ್ತು ಎಂಬುದನ್ನು ಮರೆಯಲು ನನಗೆ ಮನಸ್ಸಿಲ್ಲ.

ಅಲ್ಲಿ ಹೀಗೇಕಾಯಿತು ಎಂಬುದಕ್ಕೆ ಉತ್ತರ ಕಲ್ಲಿನಲ್ಲಿದೆ. ನಮ್ಮ ಹಿರಿಯರು ಪಾಷಾಣವೆಂದು ಕರೆಯುತ್ತಿದ್ದ ಆರ್ಸೆನಿಕ್, ಚಿನ್ನದ ಅದಿರಿನ ಜೊತೆಗೆ ಗಂಧಕ, ಕಬ್ಬಿಣಗಳೊಂದಿಗೆ ಬೆಸೆದುಕೊಂಡು ಕೂತಿರುತ್ತದೆ. ಭೂಮಿಯ ಆಳದಲ್ಲಿ ಗಾಳಿ ತಾಗದೆ ಲಕ್ಷಾಂತರ ವರ್ಷ ಅಲುಗದೆ ಇದ್ದ ಆ ಕಲ್ಲನ್ನು ಮೇಲೆತ್ತಿ, ಹಿಟ್ಟಿನಂತೆ ಪುಡಿಮಾಡಿ, ಚಿನ್ನ ತೆಗೆದುಕೊಂಡು ಉಳಿದುದನ್ನು ಬಯಲಲ್ಲಿ ರಾಶಿ ಹಾಕಿದರೆ, ಗಾಳಿಯೂ ಮಳೆನೀರೂ ಅದರ ಕಣಕಣಕ್ಕೂ ತಾಗುತ್ತವೆ. ಗಂಧಕವು ಗಂಧಕಾಮ್ಲವಾಗುತ್ತದೆ, ಕೆಲವು ಬ್ಯಾಕ್ಟೀರಿಯಾಗಳು ಆ ಕ್ರಿಯೆಯನ್ನು ಇನ್ನಷ್ಟು ಚುರುಕುಗೊಳಿಸುತ್ತವೆ, ತಾಮ್ರ, ಸತು, ಕ್ಯಾಡ್ಮಿಯಂನಂಥ ಲೋಹಗಳು ಆ ಆಮ್ಲದಲ್ಲಿ ಕರಗಿ ಹರಿಯುತ್ತವೆ. ಸುಣ್ಣದಿಂದ ಹುಳಿಯನ್ನು ತಗ್ಗಿಸಿದರೆ ಇವುಗಳಲ್ಲಿ ಬಹುಪಾಲು ತಳಕ್ಕಿಳಿಯುತ್ತವೆ. ಆರ್ಸೆನಿಕ್ ಮಾತ್ರ ಹುಳಿಯಿಲ್ಲದ ನೀರಿನಲ್ಲೂ ಕರಗಿ ಉಳಿಯಬಲ್ಲದು, ಅದಕ್ಕೆ ಬಣ್ಣವಿಲ್ಲ, ರುಚಿಯಿಲ್ಲ. ಜಪಾನಿನ ಕಾಮಿಯೋಕಾ ಗಣಿಯ ಕ್ಯಾಡ್ಮಿಯಂ ಜಿಂಜು ನದಿಯ ಮೂಲಕ ಗದ್ದೆಗೆ, ಗದ್ದೆಯಿಂದ ಅಕ್ಕಿಗೆ ಸೇರಿ ಜನರ ಎಲುಬುಗಳನ್ನೇ ಮುರಿದದ್ದನ್ನು ಅಲ್ಲಿನ ಸರ್ಕಾರ ಒಪ್ಪಿಕೊಂಡದ್ದು 1968ರಲ್ಲಿ.

ಕುದುರೆಮುಖದ ಅದಿರು ಬೇರೆ ಜಾತಿಯದು. ಅದು ಮ್ಯಾಗ್ನೆಟೈಟ್, ಅಂದರೆ ಗಂಧಕದ ಬದಲು ಆಮ್ಲಜನಕದೊಂದಿಗೆ ಕೂಡಿದ ಕಬ್ಬಿಣ. ಹಾಗಾಗಿ ಆಮ್ಲ ಹುಟ್ಟುವ ಸಂಭವ ಕಡಿಮೆ. ಪುಡಿಮಾಡಿದ ಅದಿರು ಕೊಳವೆಯಲ್ಲಿ ಪಣಂಬೂರಿಗೆ ಬಂದಿತು, ಕಬ್ಬಿಣ ತೆಗೆದ ಮೇಲೆ ಮಿಕ್ಕ ಹೂಳು ಲಕ್ಯಾ ಅಣೆಕಟ್ಟಿನ ಹಿಂದೆ ಉಳಿಯಿತು. ಲಕ್ಯಾ ಹೊಳೆ ಸೇರುವುದು ಪೂರ್ವಕ್ಕೆ ಹರಿಯುವ ಭದ್ರೆಯನ್ನು; ಅಲ್ಲಿಂದ ತಮ್ಮ ಬಾವಿಗೆ ನೀರಿಳಿಯುವ ದಾರಿಯಿಲ್ಲ. ಭದ್ರೆಯ ದಂಡೆಯವರಿಗೆ ಇಷ್ಟೇ ಸಮಾಧಾನ ಹೇಳಲು ನಾನು ಸಿದ್ಧನಿಲ್ಲ. ಗಣಿಗಾರಿಕೆ 2005ರ ಕೊನೆಗೆ ನಿಂತರೂ ಆ ಹೂಳನ್ನು ಕಾಯುವ ಕೆಲಸ ನಿಂತಿಲ್ಲ.

ತಾವು ಹೇಳುವ ಕೆಂಪು ಪೊರೆಗೆ ಬಹುಮಟ್ಟಿಗೆ ನಮ್ಮ ಮುರಕಲ್ಲಿನ, ಅಂದರೆ ಕರಾವಳಿಯ ಕೆಂಪುಕಲ್ಲಿನ, ಕಬ್ಬಿಣವೇ ಕಾರಣ. ಕೋಲಿನಿಂದ ತಾಗಿಸಿದಾಗ ಅದು ಚೂರುಚೂರಾಗಿ ಒಡೆದರೆ ಕಬ್ಬಿಣದ ಬ್ಯಾಕ್ಟೀರಿಯಾಗಳ ಕೆಲಸ, ಒಡೆಯದೆ ಮತ್ತೆ ಕೂಡಿಕೊಂಡರೆ ಎಣ್ಣೆ.

ನನ್ನನ್ನು ಹೆಚ್ಚು ಕಾಡಿದ್ದು ಪತ್ರದ ಕೊನೆಯಲ್ಲಿ ತಾವು ಒಂದೇ ಸಾಲಿನಲ್ಲಿ ಬರೆದು ಬಿಟ್ಟಿರುವ ಮಾತು: ಮನೆಯ ಮೇಲ್ಬದಿಯ ಹಳೆಯ ಕೆಂಪುಕಲ್ಲಿನ ಕೋರೆಗೆ ಕಸ ತಂದು ಸುರಿಯುತ್ತಿದ್ದಾರೆ. ಕೊಳೆತ ಕಸದ ರಸಕ್ಕೂ ಹುಳಿಯಿದೆ. ಹಳೆಯ ಬ್ಯಾಟರಿಯ ಸೀಸವನ್ನು ಅದು ಕರಗಿಸಬಲ್ಲದು. ಮುರಕಲ್ಲು ತೂತುತೂತಾದ ಕಲ್ಲು, ಮಳೆಗಾಲದಲ್ಲಿ ಕೋರೆಯ ನೀರು ತಗ್ಗಿನ ಬಾವಿಗೆ ಬರಲು ಹೆಚ್ಚು ದಿನ ಬೇಕಿಲ್ಲ. ದೂರದ ಗಣಿಗಿಂತ ಮೊದಲು ಈ ಕೋರೆಯ ಬಗ್ಗೆ ಪಂಚಾಯತಿಗೆ ಲಿಖಿತ ದೂರು ಕೊಡಿ.

ನೀರನ್ನು ಮೇ ತಿಂಗಳಲ್ಲೊಮ್ಮೆ, ಮಳೆ ಹಿಡಿದ ಮೇಲೆ ಇನ್ನೊಮ್ಮೆ ಪರೀಕ್ಷೆ ಮಾಡಿಸಿ. ಸೀಸ, ಆರ್ಸೆನಿಕ್, ಕ್ಯಾಡ್ಮಿಯಂಗಳನ್ನು ಹೆಸರಿಸಿಯೇ ಕೇಳಬೇಕು, ಸಾಮಾನ್ಯ ಪರೀಕ್ಷೆಯಲ್ಲಿ ಇವು ಸೇರಿರುವುದಿಲ್ಲ. ಆರ್ಸೆನಿಕ್ ಲೀಟರಿಗೆ 10 ಮೈಕ್ರೋಗ್ರಾಂ ಮೀರಬಾರದು. ಅಲ್ಲಿಯವರೆಗೆ ಕುದಿಸಿದ್ದೇವೆಂಬ ಧೈರ್ಯ ಬೇಡ. ಕುದಿಸಿದರೆ ರೋಗಾಣುಗಳು ಸಾಯುತ್ತವೆ, ಲೋಹಗಳು ಉಳಿಯುತ್ತವೆ. ವರದಿ ಕೈಗೆ ಬಂದಾಗ ಅದರ ಪ್ರತಿಯನ್ನು ಕಳುಹಿಸಿದರೆ, ಅಂಕಿಗಳನ್ನು ನೋಡಿ ಮತ್ತೆ ಬರೆಯುತ್ತೇನೆ.

— ಸಂಪಾದಕ, ಮಂಗಳೂರು